ಇಂಡಿಯಾಮಾರ್ಟ್ ಷೇರು ಐದು ವರ್ಷಕ್ಕೆ ಇಟ್ಟುಕೊಳ್ಳಬಹುದಾ?

ಸುಮಂತ್_ತಿಪಟೂರು:

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಳ್ಳಬೇಕು ಅಂತ ಇಂಡಿಯಾಮಾರ್ಟ್ ನೋಡುತ್ತಿದ್ದೇನೆ. ಸಾಲ ಇಲ್ಲ. ಗೋದಾಮು, ಡೆಲಿವರಿ, ರಿಯಾಯಿತಿ ಯುದ್ಧ ಯಾವುದೂ ಇಲ್ಲ. 2023-24ರಲ್ಲಿ ನಿವ್ವಳ ಲಾಭ 334 ಕೋಟಿ ಇದ್ದದ್ದು 2024-25ರಲ್ಲಿ 551 ಕೋಟಿ ಆಗಿದೆ, ಅಂದರೆ 65% ಏರಿಕೆ. ಆದರೂ ಷೇರು 2021ರ ಬೆಲೆಯ ಹತ್ತಿರಕ್ಕೂ ಬಂದಿಲ್ಲ. ನಿಜವಾಗಿಯೂ ಅಗ್ಗಕ್ಕೆ ಸಿಗುತ್ತಿದೆಯಾ, ಅಥವಾ ನನ್ನ ಕಣ್ಣಿಗೆ ಬೀಳದ ತೊಂದರೆ ಏನಾದರೂ ಇದೆಯಾ? ಹಾಕುವುದು 2 ಲಕ್ಷ, ಐದು ವರ್ಷ ಮುಟ್ಟುವುದಿಲ್ಲ. ದಯವಿಟ್ಟು ಲೆಕ್ಕದ ಸಮೇತ ಹೇಳಿ.

ಬ್ಯಾಲೆನ್ಸ್‌ಶೀಟ್_ಭಟ್ಟರು:

ಸುಮಂತ್ ಅವರೇ, ತೊಂದರೆ ಇದೆ, ಆದರೆ ಅದು ಲಾಭದ ಸಾಲಿನಲ್ಲಿ ಕಾಣುವುದಿಲ್ಲ. ಮೊದಲು ಈ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಇಲ್ಲಿ ನಡೆಯುವ ವ್ಯಾಪಾರದ ಮೇಲೆ ಕಮಿಷನ್ ಇಲ್ಲ. ಮಾರುವವರು ವಾರ್ಷಿಕ ಅಥವಾ ಮಾಸಿಕ ಚಂದಾ ಕಟ್ಟುತ್ತಾರೆ, ಬದಲಿಗೆ ಕೊಳ್ಳುವವರ ಎನ್‌ಕ್ವೈರಿಗಳು ಸಿಗುತ್ತವೆ. ಪಟ್ಟಿಯಲ್ಲಿರುವ ಸಪ್ಲೈಯರ್‌ಗಳು 80 ಲಕ್ಷಕ್ಕೂ ಹೆಚ್ಚು, ಹಣ ಕಟ್ಟುವವರು ಅದರಲ್ಲಿ ಎರಡು ಲಕ್ಷ ಚಿಲ್ಲರೆ. ಕಂಪನಿ ನಿಂತಿರುವುದು ಈ ಎರಡು ಲಕ್ಷ ಚಿಲ್ಲರೆಯ ಮೇಲೆ.

ಆ ಸಂಖ್ಯೆಯ ಓಟ ಹೀಗಿದೆ: 2022ರ ಮಾರ್ಚ್ ಕೊನೆಗೆ ಸುಮಾರು 1.69 ಲಕ್ಷ, 2023ಕ್ಕೆ 2.03 ಲಕ್ಷ, 2024ಕ್ಕೆ 2.14 ಲಕ್ಷ, 2025ಕ್ಕೆ 2.17 ಲಕ್ಷ. ಮೊದಲ ವರ್ಷ 34 ಸಾವಿರ ಜನ ಸೇರಿದರು, ಮರುವರ್ಷ 11 ಸಾವಿರ, ಆಮೇಲೆ ಬರೀ 3 ಸಾವಿರ. 2024ರ ಅಕ್ಟೋಬರ್‌ನಲ್ಲಿ ತ್ರೈಮಾಸಿಕ ಫಲಿತಾಂಶ ಬಂದಾಗ ಲಾಭ ಚೆನ್ನಾಗಿಯೇ ಇತ್ತು, ಆದರೆ ಹಣ ಕಟ್ಟುವವರ ಲೆಕ್ಕ ನಿರಾಸೆ ತಂದಿತ್ತು. ಮರುದಿನದ ವಹಿವಾಟಿನಲ್ಲಿ ಷೇರು ಹೆಚ್ಚೂ ಕಡಿಮೆ ಐದನೇ ಒಂದು ಭಾಗ ಕುಸಿಯಿತು.

ಹಾಗಂತ ಹೊಸಬರು ಬರುತ್ತಿಲ್ಲ ಅಂತಲ್ಲ. ಬಂದವರು ನಿಲ್ಲುತ್ತಿಲ್ಲ. ಹೆಚ್ಚು ಬೆಲೆಯ ಗೋಲ್ಡ್, ಪ್ಲಾಟಿನಂ ಪ್ಯಾಕೇಜಿನವರಲ್ಲಿ ಬಿಟ್ಟುಹೋಗುವವರು ತಿಂಗಳಿಗೆ ಸುಮಾರು 1%. ಕಡಿಮೆ ಬೆಲೆಯ, ತಿಂಗಳ ಕಂತಿನ ಸಿಲ್ವರ್‌ನಲ್ಲಿ ಇದು 7%ರ ಆಸುಪಾಸು ಅಂತ ಕಂಪನಿಯೇ ಹೂಡಿಕೆದಾರರ ಕರೆಗಳಲ್ಲಿ ಹೇಳುತ್ತಾ ಬಂದಿದೆ. 7% ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ತಿಂಗಳು ತಿಂಗಳು ಗುಣಿಸಿ ನೋಡಿ: ಈ ಜನವರಿಯಲ್ಲಿ ಸೇರಿದ 100 ಜನರಲ್ಲಿ ಮುಂದಿನ ಜನವರಿಗೆ 42 ಜನ ಉಳಿಯುತ್ತಾರೆ. 1% ಆದರೆ 89 ಜನ. ಹೊಸ ಸಪ್ಲೈಯರ್‌ನನ್ನು ಹಿಡಿಯಲು ಸೇಲ್ಸ್‌ನವರ ಸಂಬಳ, ಚಾನೆಲ್ ಪಾರ್ಟ್‌ನರ್ ಕಮಿಷನ್ ಎಲ್ಲಾ ಮೊದಲೇ ಖರ್ಚಾಗಿರುತ್ತದೆ. ಆತ ವರ್ಷ ತುಂಬುವುದರೊಳಗೆ ಬಿಟ್ಟರೆ ಆ ಖರ್ಚು ನೀರಲ್ಲಿ ಹೋಮ.

ಪೀಣ್ಯ_ಟೂಲ್‌ರೂಮ್:

ಯಾಕೆ ಬಿಡುತ್ತಾರೆ ಅನ್ನುವುದನ್ನು ಮಾರುವವರ ಕಡೆಯಿಂದ ನೋಡಿದರೆ ಭಟ್ಟರ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಪೀಣ್ಯದಂಥ ಕಡೆ ನಾಲ್ಕು ಸಿಎನ್‌ಸಿ ಮಷಿನ್ ಇಟ್ಟುಕೊಂಡ ಜಾಬ್‌ವರ್ಕ್ ಶೆಡ್ ತೆಗೆದುಕೊಳ್ಳಿ. "ಎಸ್‌ಎಸ್ 304 ಬುಷ್, 500 ಪೀಸ್ ಬೇಕು" ಅಂತ ಒಂದು ಬೈಲೀಡ್, ಅಂದರೆ ಕೊಳ್ಳುವವರ ಬೇಡಿಕೆ, ಬರುತ್ತದೆ. ಡ್ರಾಯಿಂಗ್ ಇರುವುದಿಲ್ಲ, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಅನ್ನುವುದು) ಇರುವುದಿಲ್ಲ. ಅದೇ ಲೀಡ್ ಬೇರೆ ಊರುಗಳ ನಾಲ್ಕಾರು ಸಪ್ಲೈಯರ್‌ಗಳಿಗೂ ಸಿಕ್ಕಿರುತ್ತದೆ. ಯಾರು ಮೊದಲು ಫೋನ್ ಹಚ್ಚುತ್ತಾರೋ ಅವರದ್ದು ಮಾತುಕತೆ, ರಾಜ್‌ಕೋಟ್‌ನಿಂದ ಕಡಿಮೆ ರೇಟ್ ಬಂದರೆ ಅದೂ ಮುಗಿಯಿತು. ಕೊಳ್ಳುವವನು ಬರೀ ರೇಟ್ ತಿಳಿಯಲು ಕೇಳಿದ್ದೋ, ನಿಜವಾಗಿ ಬೇಕಿದ್ದೋ ಅನ್ನುವುದು ಕರೆ ಮಾಡುವ ತನಕ ಗೊತ್ತಾಗುವುದಿಲ್ಲ.

ದಿನಾ ಎನ್‌ಕ್ವೈರಿಗೆ ಉತ್ತರಿಸಲೆಂದೇ ಒಬ್ಬರನ್ನು ಕೂರಿಸಿರುವ ಸಂಸ್ಥೆಗೆ ಇದು ಲಾಭವೇ. ಪ್ಯಾಕೇಜಿಂಗ್ ಮಷಿನ್, ಪಂಪು, ರ‍್ಯಾಕ್, ಲ್ಯಾಬ್ ಉಪಕರಣ, ಹೀಗೆ ಕ್ಯಾಟಲಾಗ್ ಮಾಡಬಹುದಾದ ಸರಕಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಷಿನ್ ಮುಂದೆ ನಿಂತಿರುವ ಮಾಲೀಕನೇ ಫೋನೂ ಎತ್ತಬೇಕು ಅನ್ನುವ ಶೆಡ್‌ಗೆ ಆಗಿಬರುವುದಿಲ್ಲ. ಸಿಲ್ವರ್‌ನಲ್ಲಿ ತುಂಬಿರುವುದು ಈ ಎರಡನೇ ಥರದವರು. ಮೇಲಿನ 10% ಗ್ರಾಹಕರಿಂದ ಆದಾಯದ ಹತ್ತಿರ ಹತ್ತಿರ ಅರ್ಧ ಬರುತ್ತದೆ ಅನ್ನುವುದಕ್ಕೂ ಇದೇ ಕಾರಣ.

ಜಯನಗರ_ಹೂಡಿಕೆ:

ಅದೇ ಮಾತನ್ನು ತಿರುಗಿಸಿ ಹೇಳಬಹುದಲ್ಲಾ ಸರ್. ಬಿಟ್ಟುಹೋಗುವವರು ಕಡಿಮೆ ದುಡ್ಡಿನವರು, ಉಳಿಯುವವರು ಹೆಚ್ಚು ದುಡ್ಡಿನವರು. ಒಬ್ಬ ಸಪ್ಲೈಯರ್‌ನಿಂದ ಬರುವ ವಾರ್ಷಿಕ ಆದಾಯ 60 ಸಾವಿರ ದಾಟಿದೆ. ಸಂಖ್ಯೆ ನಿಂತಿದ್ದರೂ 2024-25ರಲ್ಲಿ ಆದಾಯ 1,197 ಕೋಟಿಯಿಂದ 1,388 ಕೋಟಿಗೆ ಏರಿತು, ಅಂದರೆ 16%. ವರ್ಷಕ್ಕೆ 60 ಸಾವಿರ ಅಂದರೆ ತಿಂಗಳಿಗೆ 5 ಸಾವಿರ. ಒಂದು ಒಳ್ಳೆ ಆರ್ಡರ್ ಸಿಕ್ಕರೆ ಹುಟ್ಟಿಬಿಡುತ್ತದೆ. ಬೆಲೆ ಏರಿಸಲು ಇನ್ನೂ ಜಾಗ ಇದೆ.

ಇದರ ಜೊತೆಗೆ 2022ರಲ್ಲಿ 500 ಕೋಟಿ ಕೊಟ್ಟು ಕೊಂಡ ಬ್ಯುಸಿ ಅಕೌಂಟಿಂಗ್ ಸಾಫ್ಟ್‌ವೇರ್ ಇದೆ. ನಮ್ಮ ಬೆಂಗಳೂರಿನದೇ ಆದ ವ್ಯಾಪಾರ್ ಮತ್ತು ಬಿಜೋಮ್ ಅನ್ನುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಪಾಲಿದೆ. ಕೈಯಲ್ಲಿ 2,800 ಕೋಟಿಗೂ ಹೆಚ್ಚು ನಗದು ಮತ್ತು ಹೂಡಿಕೆ. ಇಷ್ಟಿರುವ ಕಂಪನಿಯನ್ನು ಒಂದು ಸಂಖ್ಯೆ ನೋಡಿ ತಳ್ಳಿಹಾಕುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಬ್ಯಾಲೆನ್ಸ್‌ಶೀಟ್_ಭಟ್ಟರು:

ತಳ್ಳಿಹಾಕುತ್ತಿಲ್ಲ, ಕಂಪನಿ ಗಟ್ಟಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ 16% ಹಳೆಯ ಸುದ್ದಿ. ಚಂದಾ ಮುಂಗಡವಾಗಿ ಬರುತ್ತದೆ, ಪುಸ್ತಕದಲ್ಲಿ ಆದಾಯ ಅಂತ ಸೇರುವುದು ಸೇವೆ ಕೊಟ್ಟ ತಿಂಗಳುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ. ಇನ್ನೂ ಸೇವೆ ಕೊಡಬೇಕಾದ ಹಣ ಡಿಫರ್ಡ್ ರೆವಿನ್ಯೂ ಅಂತ ಹೊಣೆಗಾರಿಕೆಯ ಕಡೆ ಕೂತಿರುತ್ತದೆ. ಹಾಗಾಗಿ ಈ ವರ್ಷ ನಿಜವಾಗಿ ಎಷ್ಟು ದುಡ್ಡು ವಸೂಲಾಯಿತು ಅಂತ ತಿಳಿಯಬೇಕಾದರೆ ಆದಾಯಕ್ಕೆ ಡಿಫರ್ಡ್ ರೆವಿನ್ಯೂ ಎಷ್ಟು ಹೆಚ್ಚಿತು ಅನ್ನುವುದನ್ನು ಕೂಡಿಸಬೇಕು.

2023ರ ಮಾರ್ಚ್‌ನಲ್ಲಿ ಅದು ಸುಮಾರು 1,162 ಕೋಟಿ, 2024ಕ್ಕೆ 1,442 ಕೋಟಿ, 2025ಕ್ಕೆ 1,678 ಕೋಟಿ. 2023-24ರ ವಸೂಲಿ: 1,197 ಮತ್ತು 280, ಒಟ್ಟು 1,477 ಕೋಟಿ. 2024-25ರ ವಸೂಲಿ: 1,388 ಮತ್ತು 236, ಒಟ್ಟು 1,624 ಕೋಟಿ. ಬೆಳವಣಿಗೆ 10%. ಆದಾಯ 16% ಬೆಳೆದ ವರ್ಷದಲ್ಲಿ ವಸೂಲಿ 10% ಮಾತ್ರ ಬೆಳೆದಿದೆ. ವಸೂಲಿ ಎಲ್ಲಿಗೆ ಹೋಗುತ್ತದೋ ಆದಾಯ ನಿಧಾನವಾಗಿ ಅಲ್ಲಿಗೇ ಬರುತ್ತದೆ.

ಸುಮಂತ್_ತಿಪಟೂರು:

ಧನ್ಯವಾದ ಭಟ್ಟರೇ, ಈ ವಸೂಲಿ ಲೆಕ್ಕ ನಾನು ನೋಡೇ ಇರಲಿಲ್ಲ. ಹಾಗಾದರೆ ಲಾಭ 65% ಏರಿದ್ದು ಹೇಗೆ? ಮತ್ತೆ 2021ರ ಬೆಲೆ ವಿಷಯ?

ಶಿರಸಿ_ವ್ಯಾಲ್ಯೂ:

ನಾನು ಹೇಳುತ್ತೇನೆ. ಲಾಭ ಏರಿದ್ದಕ್ಕೆ ಎರಡು ಕಾರಣ. ಒಂದು, ಹೊಸಬರನ್ನು ಸೇರಿಸುವ ಓಟ ನಿಧಾನವಾದಾಗ ಸೇಲ್ಸ್ ಖರ್ಚು ತಾನಾಗಿ ತಗ್ಗುತ್ತದೆ, ಆಪರೇಟಿಂಗ್ ಮಾರ್ಜಿನ್ (ಆದಾಯದಲ್ಲಿ ವ್ಯಾಪಾರದ ಖರ್ಚು ಕಳೆದು ಉಳಿಯುವ ಪಾಲು) 38%ರ ಹತ್ತಿರ ಬಂತು. ಅಂದರೆ ನಿಮಗೆ ಸಂತೋಷ ಕೊಟ್ಟ ಲಾಭವೂ ಭಟ್ಟರಿಗೆ ಚಿಂತೆ ಹಚ್ಚಿದ ಸಂಖ್ಯೆಯೂ ಒಂದೇ ಕಡೆಯಿಂದ ಬಂದಿವೆ. ಎರಡು, ಇತರೆ ಆದಾಯ. ಕೈಯಲ್ಲಿರುವ ಹಣ ಬಹುಪಾಲು ಬಾಂಡು, ಮ್ಯೂಚುವಲ್ ಫಂಡುಗಳಲ್ಲಿದೆ. ಬಡ್ಡಿದರ ಇಳಿದಾಗ ಬಾಂಡ್ ಬೆಲೆ ಏರಿ ಆ ಏರಿಕೆಯೂ ಲಾಭದಲ್ಲಿ ಸೇರುತ್ತದೆ. ಪ್ರತಿ ವರ್ಷ ಬರುವ ದುಡ್ಡಲ್ಲ ಅದು.

ಆದ್ದರಿಂದ ಆ್ಯಪ್‌ನಲ್ಲಿ ತೋರಿಸುವ ಪಿಇ (ಬೆಲೆ ಲಾಭದ ಎಷ್ಟು ಪಟ್ಟು ಅನ್ನುವ ಅಳತೆ) ನಂಬಬೇಡಿ, ವ್ಯಾಪಾರವನ್ನೂ ನಗದನ್ನೂ ಬೇರೆ ಮಾಡಿ. ಲೆಕ್ಕಕ್ಕೆ ಬೆಲೆ 2,400 ಅಂತ ಇಟ್ಟುಕೊಳ್ಳೋಣ, ನೀವು ಕೊಳ್ಳುವ ದಿನದ ಬೆಲೆ ಹಾಕಿ ಮತ್ತೆ ಮಾಡಿ. ಸುಮಾರು 6 ಕೋಟಿ ಷೇರು, ಒಟ್ಟು 14,400 ಕೋಟಿ. ನಿವ್ವಳ ಲಾಭ 551 ಕೋಟಿಗೆ ಭಾಗಿಸಿದರೆ ಪಿಇ 26, ನೋಡಲು ಚೆಂದ. ಈಗ ನಗದು 2,880 ಕೋಟಿ ಕಳೆಯಿರಿ, ಉಳಿದದ್ದು ಸುಮಾರು 11,500 ಕೋಟಿ, ಇದು ವ್ಯಾಪಾರದ ಬೆಲೆ. ವ್ಯಾಪಾರದ ಲಾಭ ಎಷ್ಟು? ಸವಕಳಿಗೆ ಮುಂಚಿನ ಆಪರೇಟಿಂಗ್ ಲಾಭ ಸುಮಾರು 520 ಕೋಟಿ, ಸವಕಳಿ ಮತ್ತು ಬಡ್ಡಿ ಬಾಬ್ತು 40 ಕೋಟಿ ಕಳೆದು 25% ತೆರಿಗೆ ಹಿಡಿದರೆ 360 ಕೋಟಿ. 11,500 ಭಾಗಿಸು 360 ಅಂದರೆ 32 ಪಟ್ಟು. ಸಾಮಾನ್ಯವಾಗಿ ನಗದು ಕಳೆದರೆ ಷೇರು ಅಗ್ಗ ಕಾಣಬೇಕು, ಇಲ್ಲಿ ದುಬಾರಿ ಆಯಿತು. ವಸೂಲಿ 10% ಬೆಳೆಯುವ ವ್ಯಾಪಾರಕ್ಕೆ 32 ಪಟ್ಟು ಕಡಿಮೆ ಬೆಲೆಯೇನಲ್ಲ.

2021ರ ವಿಷಯ. 2019ರ ಜುಲೈನಲ್ಲಿ 973 ರೂಪಾಯಿಗೆ ಐಪಿಒ ಆಗಿ ಪಟ್ಟಿಗೆ ಬಂತು. 2021ರ ಫೆಬ್ರವರಿಯಲ್ಲಿ ಕಂಪನಿಯೇ ದೊಡ್ಡ ಸಂಸ್ಥೆಗಳಿಗೆ 8,615 ರೂಪಾಯಿಯಂತೆ ಷೇರು ಕೊಟ್ಟು 1,070 ಕೋಟಿ ಎತ್ತಿತು. 2023ರ ಜೂನ್‌ನಲ್ಲಿ ಒಂದು ಷೇರಿಗೆ ಇನ್ನೊಂದು ಷೇರು ಉಚಿತವಾಗಿ ಬೋನಸ್ ಕೊಟ್ಟರು, ಹಾಗಾಗಿ ಹಳೆ ಬೆಲೆ ನೋಡುವಾಗ ಅರ್ಧ ಮಾಡಿಕೊಳ್ಳಿ: 973 ಅಂದರೆ 486.50, 8,615 ಅಂದರೆ 4,307.50. ಆ ವರ್ಷದ ಲಾಭ 280 ಕೋಟಿ, ಅಂದರೆ ದೊಡ್ಡ ಸಂಸ್ಥೆಗಳು ಲಾಭದ 90 ಪಟ್ಟಿಗಿಂತ ಹೆಚ್ಚು ಕೊಟ್ಟವು. ನಾಲ್ಕು ವರ್ಷದಲ್ಲಿ ಲಾಭ ಎರಡು ಪಟ್ಟಾಯಿತು, ಆದರೂ ಅವರ ದುಡ್ಡು ಕರಗಿತು. ಐಪಿಒನಲ್ಲಿ ಕೊಂಡವರಿಗೆ ಅದೇ ಕಂಪನಿ ಹಲವು ಪಟ್ಟು ಕೊಟ್ಟಿದೆ. ಕೊಂಡ ಬೆಲೆಯೊಂದೇ ವ್ಯತ್ಯಾಸ.

ಹರಿಹರ_ಸ್ಪೇರ್ಸ್:

ಒಂದು ಅಪಾಯವನ್ನು ಯಾರೂ ಎತ್ತಲಿಲ್ಲ. ಈ ತಾಣಕ್ಕೆ ಕೊಳ್ಳುವವರು ಬರುವುದು ಬಹುಮಟ್ಟಿಗೆ ಗೂಗಲ್ ಹುಡುಕಾಟದಿಂದ, ಜಾಹೀರಾತಿಲ್ಲದೆ. ಅಷ್ಟು ಮಾರ್ಜಿನ್ ಸಾಧ್ಯವಾಗಿರುವುದರಲ್ಲಿ ಇದರ ಪಾಲು ದೊಡ್ಡದು. ಜನ ಎಐ ಸಹಾಯಕಗಳನ್ನೇ "ಹೈಡ್ರಾಲಿಕ್ ಸೀಲ್ ಯಾರು ಮಾಡ್ತಾರೆ" ಅಂತ ಕೇಳತೊಡಗಿದರೆ ಎನ್‌ಕ್ವೈರಿ ಬೇರೆ ದಾರಿ ಹಿಡಿಯಬಹುದು. ಪ್ರತಿ ತ್ರೈಮಾಸಿಕದಲ್ಲಿ ಯುನೀಕ್ ಬಿಸಿನೆಸ್ ಎನ್‌ಕ್ವೈರಿ (ಒಂದನ್ನು ಒಮ್ಮೆ ಮಾತ್ರ ಎಣಿಸಿದ್ದು) ಸಂಖ್ಯೆ ಕೊಡುತ್ತಾರೆ, ಅದನ್ನು ಬಿಡಬೇಡಿ. ಇನ್ನೊಂದು, ನಕಲಿ ಮಾಲಿನ ಕಾರಣಕ್ಕೆ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಇಂಡಿಯಾಮಾರ್ಟ್ ಹೆಸರು ಕೆಲವು ವರ್ಷಗಳಿಂದ ಬರುತ್ತಿದೆ. ದಂಡ ಏನೂ ಇಲ್ಲ, ಹೆಸರಿಗೆ ಕಪ್ಪು.

ಸುಮಂತ್_ತಿಪಟೂರು:

ಸರಿ, ಹಾಗಾದರೆ 2 ಲಕ್ಷ ಪೂರ್ತಿ ಈಗಲೇ ಹಾಕುವುದು ಬೇಡ ಅಂತಾಯಿತು. ಏನಾದರೆ ಕೊಳ್ಳಬೇಕು?

ಶಿರಸಿ_ವ್ಯಾಲ್ಯೂ:

ನನ್ನ ಅಭಿಪ್ರಾಯದಲ್ಲಿ ಮೊದಲು 50 ಸಾವಿರ, ಉಳಿದದ್ದು ಫಲಿತಾಂಶ ನೋಡಿಕೊಂಡು. ಎನ್‌ಎಸ್‌ಇ ತಾಣದಲ್ಲಿ ಕಂಪನಿಯ ಹೆಸರು ಹಾಕಿ ಪ್ರಕಟಣೆಗಳ ಭಾಗಕ್ಕೆ ಹೋದರೆ ಹೂಡಿಕೆದಾರರ ಪ್ರೆಸೆಂಟೇಷನ್ ಸಿಗುತ್ತದೆ. ಅದರಲ್ಲಿ ಹಣ ಕಟ್ಟುವ ಸಪ್ಲೈಯರ್‌ಗಳ ಸಂಖ್ಯೆ ಮತ್ತು ಗ್ರಾಹಕರಿಂದ ವಸೂಲಿ, ಇವೆರಡನ್ನು ಮೊದಲು ನೋಡಿ, ಲಾಭವನ್ನು ಕೊನೆಗೆ. ವಸೂಲಿಯನ್ನು ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸಬೇಕು. ಜನವರಿ-ಮಾರ್ಚ್‌ನಲ್ಲಿ ಯಾವಾಗಲೂ ಹೆಚ್ಚು ಬರುತ್ತದೆ, ಅದನ್ನು ಡಿಸೆಂಬರ್ ತ್ರೈಮಾಸಿಕದ ಜೊತೆ ಇಟ್ಟರೆ ದಾರಿ ತಪ್ಪುತ್ತೀರಿ. ಎರಡು ತ್ರೈಮಾಸಿಕ ಸತತವಾಗಿ ಸಪ್ಲೈಯರ್‌ಗಳು ತಲಾ ಎರಡು ಮೂರು ಸಾವಿರ ಹೆಚ್ಚಿ, ವಸೂಲಿಯ ಏರಿಕೆ 15% ಮುಟ್ಟಿದರೆ ಮುಂದಿನ ಕಂತು ಹಾಕಿ. ಬೆಲೆ ಏರಿಸಿದ್ದರಿಂದ ಮಾತ್ರ ವಸೂಲಿ ಏರಿ ಸಂಖ್ಯೆ ಇಳಿಯುತ್ತಿದ್ದರೆ ಹಾಕಬೇಡಿ.

ಇನ್ನೊಂದು ದಾರಿ, ಬೆಲೆಯೇ ಇಳಿದು ನಗದು ಕಳೆದ ಮೇಲೆ ವ್ಯಾಪಾರ 20 ಪಟ್ಟಿಗೆ ಸಿಗುವುದು. ಆಗ ಬೆಳವಣಿಗೆ 10% ಇದ್ದರೂ ನಡೆಯುತ್ತದೆ. ಮೇಲಿನ ಲೆಕ್ಕದ ಪ್ರಕಾರ 360 ಗುಣಿಸು 20 ಅಂದರೆ 7,200 ಕೋಟಿ, ನಗದು ಕೂಡಿಸಿ 10,080 ಕೋಟಿ, ಷೇರಿಗೆ 1,680 ರೂಪಾಯಿ. ಹೊಸ ವಾರ್ಷಿಕ ಅಂಕಿ ಬಂದಾಗ 360 ಮತ್ತು 2,880 ಎರಡನ್ನೂ ಬದಲಿಸಿಕೊಳ್ಳಿ.

ಫಲಿತಾಂಶದ ಮರುದಿನ ಬೆಳಿಗ್ಗೆ 9.15ಕ್ಕೆ ಮಾರ್ಕೆಟ್ ಆರ್ಡರ್ ಹಾಕಬೇಡಿ. ಈ ಷೇರು ಆ ದಿನ ಎತ್ತ ಬೇಕಾದರೂ ಜಿಗಿಯುತ್ತದೆ, ನೀವು ಕೊಡುವ ಗರಿಷ್ಠ ಬೆಲೆ ನಮೂದಿಸಿ ಲಿಮಿಟ್ ಆರ್ಡರ್ ಹಾಕಿ. ವರ್ಷ ದಾಟಿದ ಮೇಲೆ ಮಾರಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ 12.5% ತೆರಿಗೆ, ವರ್ಷದೊಳಗೆ ಮಾರಿದರೆ 20%. ಡಿವಿಡೆಂಡ್ ನಿಮ್ಮ ಆದಾಯದ ಸ್ಲ್ಯಾಬ್‌ಗೆ ಸೇರುತ್ತದೆ.

ಜಯನಗರ_ಹೂಡಿಕೆ:

ಸಪ್ಲೈಯರ್ ಸಂಖ್ಯೆಗೆ ಕಾಯುವ ಬಗ್ಗೆ ಒಪ್ಪುತ್ತೇನೆ. ಆದರೆ 1,680ಕ್ಕೆ ಕಾದು ಕೂತರೆ ಸಿಗದೇ ಹೋಗಬಹುದು. ನಾನಾದರೆ 25 ಪಟ್ಟಿಗೆ ಶುರು ಮಾಡುತ್ತೇನೆ, ಬ್ಯುಸಿ ವ್ಯಾಪಾರ ಮುಖ್ಯ ವ್ಯಾಪಾರಕ್ಕಿಂತ ವೇಗವಾಗಿ ಬೆಳೆಯುತ್ತಿದೆ ಅನ್ನುವ ಕಾರಣಕ್ಕೆ. ಫಲಿತಾಂಶದ ಟಿಪ್ಪಣಿಗಳಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್ ವಿಭಾಗದ ಅಂಕಿ ಬೇರೆಯೇ ಕೊಡುತ್ತಾರೆ ಸುಮಂತ್, ಅದನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.