ಅಪ್‌ಡೇಟ್: ಹಳೆಯ ಟ್ರಾಫಿಕ್ ಸಿಗ್ನಲ್‌ಗೆ ಕೊನೆಗೂ ಪೌಡರ್ ಕೋಟಿಂಗ್ ಆಯಿತು

ಗುಜರಿಯಲ್ಲಿ ಸಿಕ್ಕ ಎರಕದ ಅಲ್ಯೂಮಿನಿಯಂ ಟ್ರಾಫಿಕ್ ಸಿಗ್ನಲ್‌ಗೆ ಬ್ರಷ್‌ನಿಂದ ಬಣ್ಣ ಹಚ್ಚಬೇಕೋ, ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಓವನ್‌ನಲ್ಲಿ ಕಾಯಿಸಿ ಗಟ್ಟಿ ಮಾಡುವುದು) ಮಾಡಿಸಬೇಕೋ ಎಂದು ಹಿಂದೆ ಕೇಳಿದ್ದೆ. ಹೆಚ್ಚಿನವರು ಸೂಚಿಸಿದಂತೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಕೋಟಿಂಗ್ ಮಾಡಿಸಿದೆ; ಮೊದಲ ಸಲ ಕೆಲಸ ಕೆಟ್ಟಿತು. ಓವನ್‌ನಿಂದ ಹೊರಬಂದ, ದೀಪದ ಗಾಜು ಕೂರುವ ಬಾಗಿಲುಗಳ ಮೇಲೆ, ಕಾವಲಿಯ ಮೇಲಿನ ದೋಸೆಯಂತೆ, ಸೂಜಿಮೊನೆಯಷ್ಟು ಸಣ್ಣ ತೂತುಗಳು ಎದ್ದಿದ್ದವು. ಎರಕದ ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ್ದ ಗಾಳಿ ಮತ್ತು ಎಣ್ಣೆಯ ಅಂಶ, ಪುಡಿ ಕರಗಿ ಗಟ್ಟಿಯಾಗುವ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಿಗ್ಗಿ, ಬಣ್ಣದ ಪದರವನ್ನು ಸೀಳಿಕೊಂಡು ಹೊರಬಂದದ್ದೇ ಇದಕ್ಕೆ ಕಾರಣ. ಎರಡನೆಯ ಸಲ ಬಣ್ಣವನ್ನೆಲ್ಲ ತೆಗೆಸಿ, ಪುಡಿ ಸಿಂಪಡಿಸುವ ಮೊದಲು ಬರಿಯ ಲೋಹವನ್ನು ಅದಕ್ಕಿಂತ ತುಸು ಹೆಚ್ಚಿನ ಶಾಖದಲ್ಲಿ ಕಾಯಿಸಿ ತಣಿಸಿದೆವು. ತೂತುಗಳು ಪೂರ್ತಿ ಹೋಗದಿದ್ದರೂ ಒಂದು ಮಾರು ದೂರದಿಂದ ಕಾಣುವುದಿಲ್ಲ.

ಗಾಜು, ರಬ್ಬರ್ ಗ್ಯಾಸ್ಕೆಟ್, ವೈರುಗಳನ್ನು ಮೊದಲೇ ಬಿಚ್ಚಿದ್ದೆ. ಒಂದು ಸ್ಕ್ರೂ ತೂತಿಗೆ ಸಿಲಿಕೋನ್ ಬಿರಡೆ ಹಾಕುವುದನ್ನು ಮರೆತದ್ದರಿಂದ ಅಲ್ಲಿ ಬಣ್ಣ ತುಂಬಿಕೊಂಡು, ಮತ್ತೆ ಟ್ಯಾಪ್ ಹೊಡೆಸಿ ಸ್ಕ್ರೂ ಕೂರುವ ಸುರುಳಿ ಗೀರುಗಳನ್ನು ಬಿಡಿಸಬೇಕಾಯಿತು. ದೀಪಗಳ ಮೇಲೆ ಚಾಚಿಕೊಂಡಿರುವ ಹುಡ್‌ಗಳ (ಮರೆಗಳ) ಒಳಮೈಗೂ ಹಳದಿಯೇ ಇರಲಿ ಎಂದು ಮನೆಯವರು ಹೇಳಿದರೂ, ಬೆಳಕು ಪ್ರತಿಫಲಿಸಬಾರದೆಂಬ ಕಾರಣಕ್ಕೆ ಅಲ್ಲಿ ಹೊಳಪಿಲ್ಲದ ಕಪ್ಪನ್ನೇ ಹಾಕಿಸಿದ್ದೇನೆ.