ಶೇಂಗಾ ಬೇರುಗಂಟಿನಿಂದ ರೈಜೋಬಿಯಂ ಬರುತ್ತಿಲ್ಲ, ಪ್ಲೇಟ್ ತುಂಬ ಕೆಂಪು ಕಾಲೊನಿ

ಪ್ರಶ್ನೆ (ಚಳ್ಳಕೆರೆ):
ರೈಜೋಬಿಯಂ (ಬೇರುಗಂಟಿನೊಳಗಿದ್ದು ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಬೆಳೆಸಲು ಬೇಸಿಗೆ ಶೇಂಗಾದ ಬೇರುಗಂಟು ಜಜ್ಜಿ, ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ) ಪ್ಲೇಟಿನ ಮೇಲೆ ಗೀರಿದ್ದೇನೆ. ಲೀಟರಿಗೆ ಮ್ಯಾನಿಟಾಲ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1, ಡೈಪೊಟ್ಯಾಸಿಯಂ ಫಾಸ್ಫೇಟ್ 0.5, ಮೆಗ್ನೀಸಿಯಂ ಸಲ್ಫೇಟ್ 0.2, ಉಪ್ಪು 0.1, ಅಗಾರ್ 15; ಕಾಂಗೋ ರೆಡ್ ಎಂಬ ಕೆಂಪು ಬಣ್ಣ 25 ಮಿ.ಗ್ರಾಂ. ಪಿಎಚ್ 6.8. ಬೋರ್‌ವೆಲ್ ನೀರು. ಇನ್‌ಕ್ಯುಬೇಟರ್ 28 ಡಿಗ್ರಿಗೆ ಇಟ್ಟಿದೆ. ಒಂದೇ ದಿನಕ್ಕೆ ಕೆಂಪು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳು) ಮುತ್ತಿವೆ, ಬಿಳಿಯದು ಒಂದೂ ಇಲ್ಲ. ಫ್ಲಾಸ್ಕ್ ತಳದಲ್ಲಿ ಬಿಳಿ ಗಸಿ ಬೇರೆ. ಎಲ್ಲಿ ತಪ್ಪಿದೆ ಸರ್?

ಉತ್ತರ (ದಾವಣಗೆರೆ):
ಒಂದು ದಿನಕ್ಕೆ ಎದ್ದದ್ದು ಶೇಂಗಾದ ರೈಜೋಬಿಯಂ ಅಲ್ಲ. ಶೇಂಗಾದ್ದು ಸಾಮಾನ್ಯವಾಗಿ ನಿಧಾನ ಬೆಳೆಯುವ ಬ್ರಾಡಿರೈಜೋಬಿಯಂ. ಸೂಜಿಮೊನೆಯಷ್ಟು ಕಾಣಲು 5ರಿಂದ 7 ದಿನ, ಕೆಲವೊಮ್ಮೆ 10 ದಿನ ಬೇಕು. ಅದು ಬಣ್ಣ ಹೀರದೆ ಬಿಳಿಯಾಗಿ, ಅಂಟಂಟಾಗಿರುತ್ತದೆ. ನಿಮ್ಮ ಕೆಂಪು ಕಾಲೊನಿಗಳು ಬಹುಮಟ್ಟಿಗೆ ಗಂಟಿನ ಸಿಪ್ಪೆಗೆ ಅಂಟಿದ ಮಣ್ಣಿನ ಬ್ಯಾಕ್ಟೀರಿಯಾ. ಮೀಡಿಯಾಗಿಂತ ಮೊದಲು ತೊಳೆಯುವುದನ್ನು ಸರಿಮಾಡಿ.

ಗಿಡದ ಒಂದು ಗಂಟು ಸೀಳಿ ನೋಡಿ; ಒಳಗೆ ಗುಲಾಬಿ ಬಣ್ಣವಿದ್ದರೆ ಅದೇ ಗಿಡದ ಸೀಳದ ಗಂಟನ್ನು ಆರಿಸಿ. ಎರಡೂ ಕಡೆ ಅರ್ಧ ಸೆಂ.ಮೀ. ಬೇರು ಬಿಟ್ಟು ಕತ್ತರಿಸಿ. ಈ ಗಂಟು ಸೀಳಿದರೆ ಹೊರಮೈ ಶುದ್ಧ ಮಾಡುವ ಔಷಧಿ ಒಳಹೊಕ್ಕು ಬೇಕಾದ ಬ್ಯಾಕ್ಟೀರಿಯಾವೂ ಸಾಯುತ್ತದೆ. 95% ಆಲ್ಕೋಹಾಲಿನಲ್ಲಿ 10 ಸೆಕೆಂಡ್ ಅದ್ದಿ. ಇದನ್ನು ಬಿಟ್ಟರೆ ಗಾಳಿಗುಳ್ಳೆ ಅಂಟಿಕೊಂಡು ಆ ಜಾಗಕ್ಕೆ ಔಷಧಿ ತಾಗುವುದಿಲ್ಲ. ಆಮೇಲೆ 2.5% ಸೋಡಿಯಂ ಹೈಪೋಕ್ಲೋರೈಟಿನಲ್ಲಿ 3-4 ನಿಮಿಷ. ಹಳೆಯ ಬಾಟಲಿ ಬೇಡ, ಸೆಕೆಗೆ ಅದರ ಕಸುವು ಇಳಿದಿರುತ್ತದೆ. ಸ್ಟೆರೈಲ್ ನೀರಿನಲ್ಲಿ ಐದಾರು ಸಲ ತೊಳೆದು, ಜಜ್ಜುವ ಮುಂಚೆ ಗಂಟನ್ನು ಒಂದು ಪ್ಲೇಟಿನ ಮೇಲೆ ಉರುಳಿಸಿ. ಅಲ್ಲಿ ಏನಾದರೂ ಬೆಳೆದರೆ ತೊಳೆದದ್ದು ಸಾಲದು. ಏನೂ ಗೀರದ ಪ್ಲೇಟ್ ಒಂದನ್ನು ಜೊತೆಗಿಡಿ; ಅದರಲ್ಲೂ ಬೆಳೆದರೆ ದೋಷ ಮೀಡಿಯಾ ಸ್ಟೆರೈಲ್ ಮಾಡಿದ ಕುಕ್ಕರಿನದು ಅಥವಾ ಪ್ಲೇಟಿಗೆ ಸುರಿಯುವಾಗಿನದು.

ಗಸಿ ಬಂದದ್ದು ನೀರಿನಿಂದ. ಗಡಸು ನೀರಿನ ಕ್ಯಾಲ್ಸಿಯಂ ಬಿಸಿಗೆ ಫಾಸ್ಫೇಟ್ ಜೊತೆ ಸೇರಿ ತಳ ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ.

ಕೇಳಿದವರು:
ಉರುಳಿಸಿದ ಪ್ಲೇಟ್, ಖಾಲಿ ಪ್ಲೇಟ್ ಎರಡೂ ಸ್ವಚ್ಛ. ಆದರೆ 8 ದಿನವಾದರೂ ಬಿಳಿ ಕಾಲೊನಿ ಇಲ್ಲ. ಮಧ್ಯಾಹ್ನ ರೂಮಿನಲ್ಲಿ 37 ಡಿಗ್ರಿ ಇರುತ್ತದೆ.

ಉತ್ತರ (ಚಿತ್ರದುರ್ಗ):
ಕಾರಣ ಆ 37 ಡಿಗ್ರಿಯೇ ಇರಬೇಕು. ಸಾದಾ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. 28ಕ್ಕೆ ತಿರುಗಿಸಿದರೂ ಒಳಗೆ ರೂಮಿನಷ್ಟೇ ಕಾವು. ಬ್ರಾಡಿರೈಜೋಬಿಯಂನ ಎಷ್ಟೋ ತಳಿಗಳು ಅದರಲ್ಲಿ ಏಳುವುದೇ ಇಲ್ಲ. ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರ್ ಸಿಗದಿದ್ದರೆ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹನಿಸುತ್ತಿರಿ. ನಮ್ಮ ಕಡೆಯ ಒಣ ಗಾಳಿಗೆ ಚೆನ್ನಾಗಿ ತಣಿಯುತ್ತದೆ. ಪ್ಲೇಟುಗಳನ್ನು ಪಾಲಿಥೀನ್ ಕವರಿನಲ್ಲಿ ಕಟ್ಟಿ, ಮಗುಚಿ ಇಡಿ; ಥರ್ಮಾಮೀಟರ್ ಜೊತೆಗಿರಲಿ, 30 ದಾಟಬಾರದು. ಮೇಲೆ ಮುಚ್ಚಿ ಕತ್ತಲಾಗಿಡಿ. ಬೆಳಕಿಗೆ ರೈಜೋಬಿಯಂ ಕೂಡ ಕಾಂಗೋ ರೆಡ್ ಹೀರಿ ಕೆಂಪಾಗಿ, ಒಳ್ಳೆಯ ಕಾಲೊನಿಯನ್ನೇ ಎಸೆದುಬಿಡುತ್ತೀರಿ.

ಬಿಳಿ ಕಾಲೊನಿ ಬಂದ ಮೇಲೆ ಕಾಂಗೋ ರೆಡ್ ಬದಲು ಬ್ರೊಮೊಥೈಮಾಲ್ ಬ್ಲೂ (ಆಮ್ಲಕ್ಕೆ ಹಳದಿ, ಕ್ಷಾರಕ್ಕೆ ನೀಲಿಯಾಗುವ ಬಣ್ಣ) ಹಾಕಿದ ಪ್ಲೇಟಿಗೆ ಗೀರಿ. ನಿಧಾನಕ್ಕೆ ಬೆಳೆದು ಸುತ್ತ ನೀಲಿ ಮಾಡಿದರೆ ಬ್ರಾಡಿರೈಜೋಬಿಯಂ ಲಕ್ಷಣ. ಎರಡು ಮೂರು ದಿನಕ್ಕೇ ಹಳದಿಯಾದರೆ ಬೇಗ ಬೆಳೆಯುವ ಬೇರೆ ಬ್ಯಾಕ್ಟೀರಿಯಾ. ಖಚಿತವಾಗಬೇಕಾದರೆ ಸ್ಟೆರೈಲ್ ಮರಳಿನಲ್ಲಿ ಶೇಂಗಾ ಮೊಳಕೆಗೆ ಹಾಕಿ, ಗಂಟು ಕಟ್ಟುತ್ತದೆಯೇ ನೋಡಿ.