ಎಂ.ಎ.ಗೆ ಫಿಲಾಸಫಿ ತಗೊಳ್ಳಲಾ? ಅಪ್ಪ ಬೇಡ ಅಂತಿದ್ದಾರೆ

ಪ್ರಶ್ನೆ: ಸಕ್ಕರೆನಾಡ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಬಿ.ಎ. ಕೊನೇ ವರ್ಷ ಓದುತ್ತಿದ್ದೇನೆ. ಕನ್ನಡ ಮಾಧ್ಯಮ. ಮುಂದೆ ಮೈಸೂರು ವಿ.ವಿ.ಯ ಮಾನಸಗಂಗೋತ್ರಿಯಲ್ಲಿ ಫಿಲಾಸಫಿ ಎಂ.ಎ. ಮಾಡೋ ಆಸೆ. ಅಪ್ಪನಿಗೆ ಹೇಳಿದ್ದಕ್ಕೆ, "ವೇದಾಂತ ಕೇಳೋಕೆ ಅರವತ್ತು ಆಗಲಿ, ಈಗ ಬಿ.ಎಡ್. ಮಾಡು" ಅಂದುಬಿಟ್ಟರು.

ಫಿಲಾಸಫಿ ಅಂದರೆ ವೇದಾಂತ ಮಾತ್ರಾನಾ? ಹುಡುಕಿ ನೋಡಿದರೆ ತರ್ಕ, ಜ್ಞಾನಮೀಮಾಂಸೆ, ನೀತಿಶಾಸ್ತ್ರ, ರಾಜಕೀಯ ತತ್ವಶಾಸ್ತ್ರ ಅಂತ ಕವಲಿನ ಮೇಲೆ ಕವಲು. ಯಾವುದನ್ನು ಹಿಡಿಯೋದು ಗೊತ್ತಾಗುತ್ತಿಲ್ಲ. ಓದಿದವರು ಇದ್ದರೆ ಹೇಳಿ. "ತುಂಬಾ ಒಳ್ಳೇ ವಿಷಯ" ಅಂತ ಮಾತ್ರ ಬರೆಯಬೇಡಿ. ಅದನ್ನು ಆಗಲೇ ನಾಲ್ಕು ಜನ ಹೇಳಿದ್ದಾರೆ.

ಉತ್ತರ: ಕುಕ್ಕರಹಳ್ಳಿ_ವಾಕಿಂಗ್

ಅಪ್ಪನಿಗೆ ಯುಪಿಎಸ್‌ಸಿ ಅನ್ನಿ, ಸಾಕು. ಮೇನ್ಸ್‌ನಲ್ಲಿ ಫಿಲಾಸಫಿ ಐಚ್ಛಿಕ ವಿಷಯ ಇದೆ. ಎರಡು ಪೇಪರ್, 250 ಅಂಕದ್ದು ಒಂದೊಂದು. ಸಿಲಬಸ್ ಚಿಕ್ಕದು ಅಂತ ಬೇರೆ ವಿಷಯ ಓದಿದವರೂ ತಗೋತಾರೆ. ಇನ್ನೂ ಬಗ್ಗದಿದ್ದರೆ ರಾಧಾಕೃಷ್ಣನ್ ಹೆಸರು ಹೇಳಿ. 1918ರಿಂದ 1921ರವರೆಗೆ ಅವರು ನಮ್ಮ ಮೈಸೂರಿನಲ್ಲೇ ಫಿಲಾಸಫಿ ಪಾಠ ಮಾಡಿದವರು. ಹೊರಟು ನಿಂತಾಗ ಹುಡುಗರು ಸಾರೋಟಿಗೆ ಹೆಗಲು ಕೊಟ್ಟು ರೈಲ್ವೆ ಸ್ಟೇಷನ್‌ವರೆಗೆ ತಾವೇ ಎಳೆದರಂತೆ. ಬಿ.ಎಡ್. ಮೇಷ್ಟ್ರಿಗೆ ಯಾರು ಗಾಡಿ ಎಳೀತಾರೆ?

ಉತ್ತರ: ಆಲೆಮನೆ_ಮೇಷ್ಟ್ರು

ನೋಡಮ್ಮ, ನಾನೂ ಮಂಡ್ಯ ಕಡೆಯವನೇ. ಗಂಗೋತ್ರಿಯಲ್ಲಿ ಇದೇ ಎಂ.ಎ. ಮಾಡಿ, ಈಗ ಮೈಸೂರಲ್ಲಿ ಪಿಯು ಹುಡುಗರಿಗೆ ತರ್ಕಶಾಸ್ತ್ರ ಹೇಳಿಕೊಡುತ್ತೇನೆ. ಕವಲುಗಳ ಪಟ್ಟಿ ನೋಡಿ ಹೆದರಬೇಡ. ನನಗೆ ಅವು ತಲೆಗೆ ಹತ್ತಿದ್ದು ನನ್ನದೇ ಒಂದು ಪೆದ್ದುತನ ನೆನಪಾದಾಗ.

ಹತ್ತನೇ ಕ್ಲಾಸಲ್ಲಿದ್ದೆ. ಜನವರಿ ಚಳಿ. ನಮ್ಮನೆ ಜಗಲಿ ಮೇಲೆ ನಿಂತರೆ ನಾಲೆ ಆಚೆ ಚಿಕ್ಕಪ್ಪನ ಆಲೆಮನೆ ಕಾಣುತ್ತೆ. ಬೆಳಗ್ಗೆ ಆರಕ್ಕೆ ನೋಡಿದರೆ ಅದರ ಮೇಲೆ ಬೆಳ್ಳಗೆ ಹೊಗೆ. "ಅಪ್ಪಾ, ಅಲ್ಲಿ ಬೆಂಕಿ ಹಾಕಿದ್ದಾರೆ" ಅಂತ ಕೂಗಿ, ಬಿಸಿ ಬೆಲ್ಲದ ಆಸೆಗೆ ಸೈಕಲ್ ತುಳಿದೆ. ಹತ್ತಿರ ಹೋದರೆ ಹೊಗೆಯೇ ಇಲ್ಲ! ನಾಲೆ ನೀರಿನ ಮೇಲಿಂದ ಏಳುತ್ತಿದ್ದ ಮಂಜು ಅದು. ಗಾಣ ನಿಂತಿತ್ತು, ಕೊಪ್ಪರಿಗೆ ಖಾಲಿ. ಆದರೆ ಒಲೆಯೊಳಗೆ ರಾತ್ರಿಯ ಕೆಂಡ ಮಾತ್ರ ನಿಗಿನಿಗಿ ಅನ್ನುತ್ತಿತ್ತು. ಕೆಲಸದವನೊಬ್ಬ ಅದರಲ್ಲಿ ಗೆಣಸು ಸುಡುತ್ತಾ ಕೂತಿದ್ದ. ಒಂದೆಳೆ ಹೊಗೆ ಇರಲಿಲ್ಲ.

ಈಗ ಹೇಳು. ಅಲ್ಲಿ ಬೆಂಕಿ ಇದೆ ಅಂತ ನಾನು ನಂಬಿದ್ದೆ. ಬೆಂಕಿ ನಿಜವಾಗಿಯೂ ಇತ್ತು. ನಂಬೋಕೆ ಒಂದು ಕಾರಣವೂ ಇತ್ತು. ಹಾಗಾದರೆ ಬೆಂಕಿ ಇರೋದು ನನಗೆ *ಗೊತ್ತಿತ್ತಾ*?

ಎಂ.ಎ. ಮೊದಲ ವರ್ಷ ಗೆಟಿಯರ್ ಅನ್ನೋ ಅಮೆರಿಕದವನ ಲೇಖನ ಕೈಗೆ ಬಂತು. 1963ರದ್ದು, ಬರೀ ಮೂರು ಪುಟ. ನಂಬಿಕೆ ನಿಜವಾಗಿದ್ದು, ಅದಕ್ಕೆ ಸರಿಯಾದ ಕಾರಣವೂ ಇದ್ದರೆ ಅದೇ ಜ್ಞಾನ ಅನ್ನೋ ಮಾತನ್ನು ಆ ಮೂರು ಪುಟ ಅಲ್ಲಾಡಿಸಿಬಿಟ್ಟವು. ನನಗೋ, ನಮ್ಮ ಆಲೆಮನೆಯ ಕಥೆಯನ್ನು ಇವನು ಎಲ್ಲಿ ಕದ್ದ ಅನ್ನಿಸಿತು. ಆಮೇಲೆ ನೋಡಿದರೆ ಎಂಟನೇ ಶತಮಾನದ ಬೌದ್ಧ ಪಂಡಿತ ಧರ್ಮೋತ್ತರ ಆಗಲೇ ಹೇಳಿಬಿಟ್ಟಿದ್ದಾನೆ. ಮಾಂಸ ಸುಡೋಕೆ ಈಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಎದ್ದಿಲ್ಲ. ಮೇಲೆ ಮುತ್ತಿದ ಹುಳುಗಳನ್ನೇ ದೂರದವನು ಹೊಗೆ ಅಂದುಕೊಂಡು, ಬೆಂಕಿ ಇದೆ ಅನ್ನುತ್ತಾನೆ. ಅವನದು ಮಾಂಸ, ನಮ್ಮದು ಗೆಣಸು. ಅಷ್ಟೇ ವ್ಯತ್ಯಾಸ.

ನಿನ್ನ ಕವಲುಗಳೆಲ್ಲ ಇದೇ ಒಲೆ ಸುತ್ತ ಇವೆ. ಗೊತ್ತಿತ್ತಾ ಇಲ್ಲವಾ ಅನ್ನೋದು ಜ್ಞಾನಮೀಮಾಂಸೆ. ಹೊಗೆಯಿಂದ ಬೆಂಕಿಗೆ ಹೋಗೋ ಹೆಜ್ಜೆ ತರ್ಕ. ನಮ್ಮ ಹಳೇ ತರ್ಕದ ಪಂಥವಾದ ನ್ಯಾಯ ದರ್ಶನದವರು ಇದನ್ನೇ ಐದು ಮೆಟ್ಟಿಲು ಮಾಡಿ, ಉದಾಹರಣೆಗೆ ಅಡುಗೆಮನೆಯನ್ನು ತೋರಿಸುತ್ತಾರೆ. ಹೊಗೆ ಇದ್ದಲ್ಲಿ ಬೆಂಕಿ ಸರಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಅನ್ನೋ ಹಾಗಿಲ್ಲ, ಕಾದ ಕಬ್ಬಿಣದ ಗುಂಡು ನೋಡಿ ಅಂತಾರೆ. ಕೇಳದೆ ಗೆಣಸು ತಿನ್ನಬಹುದಾ ಅನ್ನೋದು ನೀತಿಶಾಸ್ತ್ರ. (ತಿಂದೆ.)

ವೇದಾಂತ ಇದರಲ್ಲಿ ಒಂದು ಪಾಲು, ಅಷ್ಟೇ. ಅದೂ ಸುಮ್ನೆ ಕಣ್ಮುಚ್ಚಿ ಕೂರೋದಲ್ಲ. ನಮ್ಮ ಮೇಲುಕೋಟೆಯಲ್ಲಿದ್ದ ರಾಮಾನುಜರು ಅದ್ವೈತದ ಜೊತೆ ಪುಟಗಟ್ಟಲೆ ಜಗಳ ಆಡಿದ್ದಾರೆ. ಇನ್ನು ಚಾರ್ವಾಕರು ಕಣ್ಣಿಗೆ ಕಂಡಿದ್ದು ಬಿಟ್ಟು ಬೇರೇನೂ ಪ್ರಮಾಣ ಅಲ್ಲ ಅಂದವರು. ಅವರು ಜೊತೆಗಿದ್ದಿದ್ದರೆ ನಾನು ಆ ಚಳಿಯಲ್ಲಿ ಸೈಕಲ್ಲೇ ಹತ್ತುತ್ತಿರಲಿಲ್ಲ.

ಕಷ್ಟವನ್ನೂ ಹೇಳುತ್ತೇನೆ. ಓದೋದು ಜಾಸ್ತಿ ಇಂಗ್ಲಿಷಲ್ಲೇ. ಮೊದಲ ಆರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಈ ಕಡೆ ಇಂಗ್ಲಿಷ್ ಪದ, ಆ ಕಡೆ ಕನ್ನಡ ಬರೆದುಕೊಂಡೆ. ಹಿರಿಯಣ್ಣನವರನ್ನು ಮೊದಲು ಹಿಡಿ. 1932ರಲ್ಲಿ ಬಂದ ಅವರ ಭಾರತೀಯ ದರ್ಶನಗಳ ಪುಸ್ತಕ ಮೈಸೂರಿನಲ್ಲಿ ಮಾಡಿದ ಪಾಠಗಳಿಂದಲೇ ಹುಟ್ಟಿದ್ದು. ಒಂದು ಪದವೂ ದಂಡ ಇಲ್ಲ. ಎಲ್ಲಾ ಪಾಠವೂ ಹಾಗಿರುತ್ತೆ ಅಂದುಕೊಳ್ಳಬೇಡ. ನಮಗೆ ಒಬ್ಬರು ಹಳೇ ನೋಟ್ಸ್ ಓದಿ ಬರೆಸುತ್ತಿದ್ದರು. ಆ ಪೇಪರಲ್ಲೇ ನನಗೆ ಜಾಸ್ತಿ ಅಂಕ. ಈಗ ಒಂದು ಅಕ್ಷರ ನೆನಪಿಲ್ಲ.

ಕೆಲಸ? ಕಡಿಮೆ. ನಾನು ಮೂರು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ, ರಜೆಯ ತಿಂಗಳು ಸಂಬಳ ಇಲ್ಲ. ಕಾಲೇಜು ಮೇಷ್ಟ್ರಾಗೋಕೆ ಬರೆಯೋ ನೆಟ್ ಅರ್ಹತಾ ಪರೀಕ್ಷೆಗೆ ಮೊದಲ ವರ್ಷದಿಂದಲೇ ಓದಿಕೋ.

ಉತ್ತರ: ಕೊನೇಭಾಗ_ಮಳವಳ್ಳಿ

ಮೇಷ್ಟ್ರು ಬೆಂಕಿ ಹೇಳಿದರು, ನಾನು ನೀರು ಹೇಳುತ್ತೇನೆ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ಮೇಲಿನವರು ಭತ್ತಕ್ಕೆ ನೀರು ಕಟ್ಟಿಕೊಂಡ ಮೇಲೆ ನಮಗೆ ಉಳಿದರೆ ಉಂಟು. ನಾನು ಓದಿದ್ದು ರಾಜ್ಯಶಾಸ್ತ್ರ, ಒಂದು ಪೇಪರಲ್ಲಿ ರಾಲ್ಸ್ ಅನ್ನೋ ಅಮೆರಿಕದ ತತ್ವಜ್ಞಾನಿ ಬಂದ. 1971ರ ಅವನ ಪುಸ್ತಕದಲ್ಲಿ ಒಂದು ಉಪಾಯ ಇದೆ: ಸಮಾಜದಲ್ಲಿ ನಿಮ್ಮ ಜಾಗ ಯಾವುದು ಅಂತ ನಿಮಗೇ ಗೊತ್ತಿಲ್ಲ ಅಂದುಕೊಂಡು ನಿಯಮ ಮಾಡಿ. ನಾನು ಅದನ್ನು ನಾಲೆಗೆ ಇಳಿಸಿದೆ. ನಿಮ್ಮ ಗದ್ದೆ ನಾಲೆ ತಲೆಯಲ್ಲಿದೆಯೋ ಬಾಲದಲ್ಲಿದೆಯೋ ಗೊತ್ತಿಲ್ಲದೆ ನೀರಿನ ಪಾಳಿ ಹಾಕಿ ನೋಡೋಣ! ಊರಿನ ನೀರಿನ ಸಭೆಯಲ್ಲಿ ಒಮ್ಮೆ ಹೇಳಿಯೂ ಬಿಟ್ಟೆ. "ಗದ್ದೆ ಎಲ್ಲಿದೆ ಅಂತ ಗೊತ್ತಿಲ್ಲದವನು ಎಂಥಾ ರೈತ?" ಅಂದರು ಒಬ್ಬರು. ಇನ್ನೂ ಉತ್ತರ ಹೊಳೆದಿಲ್ಲ.

ಸಕ್ಕರೆನಾಡ_ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಊಟದ ಹೊತ್ತಲ್ಲಿ ನಿಮ್ಮ ಕೆಂಡದ ಕಥೆ ಹೇಳಿದೆ. ಅಪ್ಪ, "ಅವನಿಗೇನೂ ಗೊತ್ತಿರಲಿಲ್ಲ, ಅದೃಷ್ಟ" ಅಂದರು. ಅಮ್ಮ, "ಬೆಂಕಿ ಇತ್ತಲ್ಲ, ಗೊತ್ತಿತ್ತು ಅಂತಲೇ ಲೆಕ್ಕ" ಅಂದರು. ಮುದ್ದೆ ಆರಿಹೋಗೋವರೆಗೂ ಇಬ್ಬರೂ ಬಿಡಲಿಲ್ಲ. ಅಪ್ಪ ಇನ್ನೂ ಹೂಂ ಅಂದಿಲ್ಲ. ಆದರೆ ಮಲಗೋಕೆ ಮುಂಚೆ ಗಂಗೋತ್ರಿ ಹಾಸ್ಟೆಲ್‌ಗೆ ಎಷ್ಟು ಕಟ್ಟಬೇಕು ಅಂತ ಕೇಳಿದರು. ಯಾರಿಗಾದರೂ ಗೊತ್ತಾ?